ಸೆಟ್ ಆತ್ರಿ!

"ಸೆಟ್ ಮುಟ್ಟಬ್ಯಾಡ್ರಿ! ಕರೆಂಟ್ ಹೊಡಿತದ!"

ಯಾರೋ ಶಿವಗಂಗಾಳನ್ನು ಹಿಂದಕ್ಕೆ ಎಳೆದರು. ತಿರುಗಿ ನೋಡಿದರೆ... ಗಾಬರಿಯಲ್ಲಿ ಅರಳಿದ ಎರಡು ಕಣ್ಣು!

ಕೊಳಕೂರಿನ ಅವರ ಹೊಲದ ಪಂಪ್‌ಸೆಟ್ ರಿಪೇರಿಗೆಂದು ಅಪ್ಪ ಜೇವರ್ಗಿಯಿಂದ ಕರೆಸಿದ್ದ ಮೆಕ್ಯಾನಿಕ್ ಗುರುಶಾಂತ. ಅವಳನ್ನು ದೂರ ನಿಲ್ಲಿಸಿ ಓಡಿಹೋಗಿ ಸ್ವಿಚ್ ಆರಿಸಿದ.

ಆಮೇಲೆ ದಿನವೂ ಅವನ ಫೋನು.

"ಸೆಟ್ ಹೆಂಗದರಿ?"

'ಮೋಟಾರ್ ಕೇಳ್ತಾನೋ, ನನ್ನ ಕೇಳ್ತಾನೋ...' ಅವಳಿಗೆ ಒಳಗೊಳಗೇ ನಗು.

ಶಿವಗಂಗಾ ಇಂಗ್ಲಿಷ್ ಎಂ.ಎ. ಮುಗಿಸಿದವಳು. ಒಂದು ಸಂಜೆ ಫೋನಿನಲ್ಲಿ ಅವನಿಗೆ ಹೇಳಿದಳು: "ಸೆಟ್ ಅನ್ನೋ ಒಂದ ಶಬ್ದಕ್ಕ ನೂರಾರು ಅರ್ಥ ಅದಾವ್ರಿ. ಮೊಸರು ಹೆಪ್ಪಾದ್ರೂ ಸೆಟ್, ಸೂರ್ಯ ಮುಳುಗಿದ್ರೂ ಸೆಟ್!"

"ಹಂಗಾದ್ರ ಈಗ ಸೂರ್ಯ ಸೆಟ್ ಆಗಾಕತ್ತಾನ... ನೋಡಾಕತ್ತೀರಿ?"

"ಹೂಂ..."

ಅವಳು ಕೊಳಕೂರಿನ ಮಾಳಿಗೆಯ ಮೇಲೆ, ಅವನು ಜೇವರ್ಗಿಯ ಅಂಗಡಿಯ ಮುಂದೆ. ಇಬ್ಬರ ನಡುವೆ ಕೆಂಪಾದ ಆಕಾಶ. ಕತ್ತಲಾಗುವವರೆಗೂ ಇಬ್ಬರೂ ಫೋನು ಇಡಲಿಲ್ಲ.

ಅಷ್ಟರಲ್ಲಿ ಜಿಡಗಾದಿಂದ ಗಂಡಿನವರು ಬಂದು ಅವಳನ್ನು ನೋಡಿ ಹೋದರು. ಅದನ್ನು ಹೇಳಿದಾಗ ಅವನು "ಹೌದ್ರಿ?" ಎಂದನಷ್ಟೇ. ಅವಳಿಗೆ ಅಳು ಬಂದಿತ್ತು.

ವಾರ ಕಳೆಯಿತು. ಲೆಕ್ಚರರ್ ಆಗಲು ಬೇಕಾದ ಸೆಟ್ ಪರೀಕ್ಷೆಯಲ್ಲಿ ಶಿವಗಂಗಾ ಪಾಸಾದಳು! ಪರೀಕ್ಷೆ ಬರೆದದ್ದನ್ನು ಅವನಿಗೆ ಹೇಳಿರಲೇ ಇಲ್ಲ. ಖುಷಿಯಲ್ಲಿ ಮೊದಲು ಅವನಿಗೇ ಫೋನು.

"ಸೆಟ್ ಆತ್ರಿ! ಅಪ್ಪ ಊರಿಗೆಲ್ಲ ಪೇಡೆ ಹಂಚಾಕತ್ತಾನ!"

ಆ ಕಡೆಯಿಂದ ಫೋನು ಕಟ್ಟಾಯಿತು.

ಒಂಬತ್ತು ದಿನ ಅವನ ಸುಳಿವಿಲ್ಲ; ಅವಳು ಮಾಡಿದರೂ ಫೋನು ಎತ್ತಲಿಲ್ಲ. ಹತ್ತನೆಯ ದಿನ ಅವಳು ಜೇವರ್ಗಿ ಬಸ್ ಹತ್ತಿದಳು. ಗುರುಶಾಂತ ಅಂಗಡಿ ಖಾಲಿ ಮಾಡಿ ಸಾಮಾನು ಕಟ್ಟುತ್ತಿದ್ದ.

"ಅಫಜಲಪುರದಾಗ ಕೆಲಸ ಸಿಕ್ಕದ. ಹೊಂಟೇನ್ರಿ."

"ನನಗ ಹೇಳದಂಗ?"

"ಲಗ್ನ ಆಗೋ ಹೆಣ್ಮಗಳಿಗೆ ಏನ್ ಹೇಳ್ಲಿ..." ಅವನು ಗಂಟಿನ ಹಗ್ಗ ಬಿಗಿದ. "ಜಿಡಗಾದವ್ರ ಜೋಡಿ ಸೆಟ್ ಆತಂತ ನೀವಽ ಹೇಳಿದ್ರಿ!"

ಶಿವಗಂಗಾ ಬೆರಗಾಗಿ ನಿಂತಳು. ನಗಬೇಕೋ ಅಳಬೇಕೋ!

"ಅಯ್ಯೋ ನಿಮ್ಮ! ಸೆಟ್ ಅಂದ್ರ ಪರೀಕ್ಷೆ ಹೆಸರು! ಲೆಕ್ಚರರ್ ಪರೀಕ್ಷೆ! ಜಿಡಗಾದವ್ರನ್ನ ಅವತ್ತೇ ಒಲ್ಲೆ ಅಂದೀನಿ."

"ಯಾಕ್ರಿ?"

"ಅದನ್ನೂ ನಾನಽ ಹೇಳಬೇಕೇನು?" ಅವಳ ಕಣ್ಣು ತುಂಬಿ ಬಂತು. "ನನ್ನ ಮನಸಿನಾಗ ನೀವಽ ಇದ್ದೀರಿ... ಅದಕ್ಕ."

ಅವನ ಕೈಲಿದ್ದ ಹಗ್ಗ ಜಾರಿತು. "ನನಗೂ ನೀವಂದ್ರ ಜೀವ... ಆದ್ರ ನಾ ಬರೇ ಐಟಿಐ. ನೀವು ಲೆಕ್ಚರರ್ ಆಗೋರು..."

"ನಾ ಕೇಳಿದ್ದು ಮಾರ್ಕ್ಸ್ ಕಾರ್ಡ್ ಅಲ್ರಿ."

ಗುರುಶಾಂತ ಕಟ್ಟಿದ್ದ ಗಂಟನ್ನು ಮೆಲ್ಲಗೆ ಬಿಚ್ಚತೊಡಗಿದ.

"ನಿಮ್ಮಪ್ಪಗ ಕೇಳಾಕ ನಾಳೆ ಬರ್ತೇನಿ. ಬೈತಾರೇನು?"

"ಬೈತಾನ."

"ಮತ್ತ?"

"ಬರ್ರಿ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಇಬ್ರೂ ಕೂಡೇ ಬೈಸ್ಕೊಳ್ಳೋಣು."