ಒಂದೂ ತಪ್ಪಿಲ್ಲದ ಹುಡುಗಿ

ಭಾಷೆಯನ್ನು ಹೇಗೆ ಕಲಿತದ್ದೆಂದು ಅಳೆಯುವ ನುಡಿಮೂಲಮಾಪಕದ ಪಟ್ಟಿ ಮುಕ್ತಾಳ ಹಣೆಗೆ ಬಿಗಿದಿತ್ತು. ಪರದೆಯ ಮೇಲೆ ಇಲಿಗಳು, ಹಲ್ಲುಗಳು, ಎತ್ತುಗಳು ಬಂದುಹೋಗುತ್ತಿದ್ದವು. ಅವಳು ‘ಮೈಸ್’, ‘ಟೀತ್’, ‘ಆಕ್ಸನ್’ ಎಂದು ಪಟಪಟನೆ ಹೇಳುತ್ತಿದ್ದಳು. ಗಾಜಿನಾಚೆ ಕೂತ ತಾಯಿ ಸುಮಿತ್ರಮ್ಮನ ತುಟಿಯೂ ಜೊತೆಗೇ ಆಡುತ್ತಿತ್ತು. ದಾವಣಗೆರೆಯಲ್ಲಿ ಇಂಗ್ಲಿಷ್ ಟೀಚರು ಅವರು. ಮಗಳ ಬಾಯಲ್ಲಿ ತಪ್ಪು ಬಂದೀತೇ? ಬಾಹ್ಯಾಕಾಶ ನಿಲ್ದಾಣದ ವೈದ್ಯೆಯ ಕೆಲಸ ಸಿಕ್ಕಿಯೇಬಿಟ್ಟಿತು ಎಂದುಕೊಂಡರು.

ಮಾಪಕದ ಕೆಂಪು ದೀಪ ಹತ್ತಿತು. ಮುಕ್ತಾ ಆಯ್ಕೆಯಾಗಿರಲಿಲ್ಲ.

ಮಾಪಕವನ್ನು ರೂಪಿಸಿದ ಡಾ. ಕುಲಗೋಡರು ಸಮಾಧಾನವಾಗಿಯೇ ವಿವರಿಸಿದರು. ಇಂಗ್ಲಿಷನ್ನು ಆಡಾಡುತ್ತಾ ಕಲಿಯುವ ಮಕ್ಕಳು ಮೊದಲು ‘ಫುಟ್ಸ್’, ‘ಮೌಸಸ್’ ಎಂದೇ ಅನ್ನುತ್ತವೆ. ಒಂದು ನಿಯಮವನ್ನು ತಾವೇ ಕಂಡುಕೊಂಡು ಸಿಕ್ಕಿದ್ದಕ್ಕೆಲ್ಲ ಹಚ್ಚುತ್ತವೆ, ಆಮೇಲೆ ತಿದ್ದಿಕೊಳ್ಳುತ್ತವೆ. ಹಾಗೆ ತಿದ್ದಿದ ಕಲೆ, ಅಂದರೆ ‘ತಪ್ಪುಗುರುತು’, ಮಿದುಳಿನಲ್ಲಿ ಕೊನೆತನಕ ಉಳಿಯುತ್ತದೆ. ಅದು ಇದ್ದವರಿಗೆ ಗಾಬರಿಯಲ್ಲೂ ಭಾಷೆ ಕೈಕೊಡುವುದಿಲ್ಲ ಎಂಬುದು ನಿಲ್ದಾಣದವರ ನಂಬಿಕೆ. ಮುಕ್ತಾಳಲ್ಲಿ ಅದು ಹುಡುಕಿದರೂ ಇಲ್ಲ.

ಎಲ್ಲಿಂದ ಬರಬೇಕು? ಚಿಕ್ಕಂದಿನಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಮಗಳಿಗೆ ಈ ಬಹುವಚನಗಳನ್ನೆಲ್ಲ ಮಗ್ಗಿಯ ಹಾಗೆ ಉರುಹೊಡೆಸಿದವರು ಸುಮಿತ್ರಮ್ಮನೇ. ಪೂರ್ತಿ ಬಾಯಿಗೆ ಬರುವತನಕ ಇಂಗ್ಲಿಷಿನಲ್ಲಿ ತುಟಿಪಿಟಕ್ಕೆನ್ನಲು ಬಿಟ್ಟಿರಲಿಲ್ಲ.

“ನಿಮಗಿದೆಯೇ ಸರ್, ಆ ಗುರುತು?” ಎಂದು ಸುಮಿತ್ರಮ್ಮ ಕೇಳಿದರು.

“ಇಲ್ಲಮ್ಮ. ನಾನೂ ಕನ್ನಡ ಶಾಲೆಯಲ್ಲಿ ಉರುಹೊಡೆದು ಕಲಿತವನೇ. ಯಂತ್ರ ಮಾಡುವವನಲ್ಲಿ ಅದು ಇದೆಯೇ ಎಂದು ಯಾರೂ ಕೇಳುವುದಿಲ್ಲ.”

ಹೊರಗೆ ಬಂದ ಮುಕ್ತಾ ಎಷ್ಟು ತಪ್ಪಾಯಿತೆಂದು ಕೇಳಿದಳು. ಸುಮಿತ್ರಮ್ಮ ಒಂದೂ ಇಲ್ಲವೆಂದು ಹೇಳಿ, ಅವಳ ಹಣೆಯ ಮೇಲಿನ ಪಟ್ಟಿಯ ಅಚ್ಚನ್ನು ಸೆರಗಿನಿಂದ ಒರೆಸಿದರು.

ತಪ್ಪುಗುರುತಿನ ಗುಟ್ಟು ಊರೆಲ್ಲ ಹರಡಿತು. ಮರುವರ್ಷ ತಪ್ಪು ಕಲಿಸುವ ಟ್ಯೂಷನ್ನುಗಳು ಬೀದಿಬೀದಿಯಲ್ಲಿ ಶುರುವಾದವು. ತಂದೆತಾಯಂದಿರು ಮುಗಿಬಿದ್ದರು. ಉರುಹೊಡೆದ ತಪ್ಪಿನಿಂದ ಯಾವ ಗುರುತೂ ಮೂಡುವುದಿಲ್ಲವೆಂದು ಕುಲಗೋಡರು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗಾದದ್ದು ಬೇರೆ ಮಕ್ಕಳಿಗೆ ಆಗದಿರಲೆಂದು ಸುಮಿತ್ರಮ್ಮನೂ ಜಗಲಿಯ ಮೇಲೆ ಚಾಪೆ ಹಾಸಿದರು. ಮಕ್ಕಳು ಸಾಲಾಗಿ ಕೂತು ‘ಒನ್ ಫುಟ್, ಟೂ ಫುಟ್ಸ್, ಒನ್ ಮೌಸ್, ಟೂ ಮೌಸಸ್’ ಎಂದು ರಾಗವಾಗಿ ಅರಚತೊಡಗಿದವು.

ಒಂದು ಸಂಜೆ, ಇನ್ನೂ ಹಾಲುಹಲ್ಲಿನ ಪುಟ್ಟಿಯೊಬ್ಬಳು ಎಲ್ಲಿ ಕೇಳಿಸಿಕೊಂಡಿದ್ದಳೋ, ‘ಟೂ ಫೀಟ್’ ಅಂದುಬಿಟ್ಟಳು. ಸುಮಿತ್ರಮ್ಮ ಕೋಲೆತ್ತಿದರು.

ಒಳಗಿದ್ದ ಮುಕ್ತಾ ಬಂದು ಆ ಕೈ ಹಿಡಿದುಕೊಂಡಳು. “ಇವಳನ್ನಾದರೂ ಬಿಡಮ್ಮ,” ಎಂದಳು.