ಎರಡೂ ತೋಳು ಹಿಂದಕ್ಕೆ

"ಯಾರ ಮೇಲೆ ಇಷ್ಟು ಸಿಟ್ಟು?"

ಓಟ ಮುಗಿಸಿ ಮಂಡಿ ಹಿಡಿದು ಬಗ್ಗಿ ನಿಂತಿದ್ದವಳು ತಲೆ ಎತ್ತಿದಳು. ಎದುರಿಗೆ ನಿಂತವನ ಕತ್ತಿನಲ್ಲಿ ಸೀಟಿ, ಕಂಕುಳಲ್ಲಿ ಟೋಪಿ, ತುಟಿಯಂಚಿನಲ್ಲಿ ನಗುವೋ ಅಲ್ಲವೋ ಎನ್ನುವಂಥ ಒಂದು ಗೆರೆ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಬೆಳಗಿನ ಹೊತ್ತು ಮೈದಾನದಲ್ಲಿ ತಾಲೀಮು ಕೊಡಲು ಇಲಾಖೆಯೇ ಕಳಿಸಿದ್ದ ಕಾನ್‌ಸ್ಟೆಬಲ್ ಅವನು. ಎಲ್ಲರ ಬಾಯಲ್ಲೂ ಅವನು ಸೀಟಿ ಸಾರ್.

"ಸಿಟ್ಟಾ? ನನಗಾ?"

"ಉಳಿದವರು ಗೆಲ್ಲೋಕೆ ಓಡ್ತಾರೆ. ನೀವು ಯಾರನ್ನೋ ಹಿಡಿಯೋಕೆ ಓಡ್ತೀರಿ."

"ಪೊಲೀಸ್ ಕೆಲಸ ಅಂದ್ರೆ ಅದೇ ಅಲ್ವಾ ಸಾರ್?"

ಅವನು ಮನಸಾರೆ ನಕ್ಕ. ಅವಳೂ ನಕ್ಕಳು. ಆ ನಗುವಿನ ಒಳಗೆ ಹಲ್ಲು ಹಲ್ಲು ಕಡಿದದ್ದು ಅವನಿಗೆ ಕೇಳಿಸಲಿಲ್ಲ.

ಆ ಮುಖ ಅವಳಿಗೆ ಹೊಸದಲ್ಲ. ಕಾಲೇಜು ಸೇರಿದ ವರ್ಷವೇ ಅದನ್ನು ಎದೆಯಲ್ಲಿ ಕೊರೆದಿಟ್ಟುಕೊಂಡಿದ್ದಳು. ಅವಳ ಅಪ್ಪ ಹೊಲಿಗೆ ಮೆಷಿನ್ ರಿಪೇರಿಯವನು. ಕೈ ಕೆಲಸದಲ್ಲಿ, ಬಾಯಿ ಪದ್ಯದಲ್ಲಿ, ಕಿವಿ ಮೆಷಿನ್ನಿನಲ್ಲಿ. ಮೂರೂ ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಒಂದು ದೊಡ್ಡ ಮನೆಗೆ ರಿಪೇರಿಗೆ ಹೋದ ದಿನ ಅಲ್ಲಿ ಚಿನ್ನದ ಸರ ಕಾಣೆಯಾಯಿತು. ಸಂಜೆಯ ಹೊತ್ತಿಗೆ ಅಪ್ಪ ಸ್ಟೇಷನ್ನಿನಲ್ಲಿದ್ದ. ಅಮ್ಮನ ಜೊತೆ ಓಡಿಬಂದ ಮಗಳಿಗೆ ಕಿಟಕಿಯ ಸರಳುಗಳ ನಡುವೆ ಕಂಡದ್ದು ಇಷ್ಟು: ಇನ್‌ಸ್ಪೆಕ್ಟರು ಅಂಗೈ ಬಿಚ್ಚಿ ಅಪ್ಪನ ಬಲಗಿವಿಗೆ ಬಾರಿಸುತ್ತಿದ್ದಾನೆ. ಹೊಸ ಯೂನಿಫಾರಂ ತೊಟ್ಟ ಹುಡುಗನೊಬ್ಬ ಅಪ್ಪನ ಎರಡೂ ತೋಳು ಹಿಂದಕ್ಕೆಳೆದು ಹಿಡಿದಿದ್ದಾನೆ. ಹಿಡಿದವನು ಮಾತ್ರ ಗೋಡೆ ನೋಡುತ್ತಿದ್ದಾನೆ.

ಸರ ಮರುದಿನ ಆ ಮನೆಯ ಹಾಸಿಗೆಯ ಸಂದಿಯಲ್ಲೇ ಸಿಕ್ಕಿತು. ಅಪ್ಪನ ಬಲಗಿವಿ ಮತ್ತೆ ಸಿಗಲಿಲ್ಲ.

ಹೊಡೆದವನು ಹೊಡೆದ, ಅದು ಅವನ ಹುಟ್ಟುಗುಣ. ಹಿಡಿದವನು ಯಾಕೆ ಹಿಡಿದ? ಪ್ರತಿ ಸಂಜೆ ಕೈಮುಗಿದು ಕೂತಾಗ ಅವಳು ಬೇಡಿದ್ದು ಒಂದೇ: "ದೇವರೇ, ಬೇರೇನೂ ಬೇಡ. ಇಬ್ಬರನ್ನೂ ಒಂದು ದಿನ ನನ್ನ ಕೈಗೆ ಕೊಡು." ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಕರೆದಾಗ ಅದನ್ನು ದೇವರ ಉತ್ತರವೆಂದೇ ತಿಳಿದಳು. ಅದೇ ಸ್ಟೇಷನ್ನಿಗೆ ಅಧಿಕಾರಿಯಾಗಿ ಹೋಗಬೇಕು. ಈ ಸೀಟಿಯವನನ್ನು ಮೇಜಿನ ಮುಂದೆ ನಿಲ್ಲಿಸಬೇಕು. ಅದಕ್ಕೂ ಮೊದಲು ಅವನ ಮನಸ್ಸು ಕದ್ದು, ಬೀದಿಯಲ್ಲಿ ಬಿಸಾಡಿ ಬರಬೇಕು. ಬೂದಿ ಮುಚ್ಚಿದ ಕೆಂಡಕ್ಕೆ ಅವಳು ಹೂ ಮುಡಿಸಿದಳು, ಅಷ್ಟೆ.

ಹಾಗಾಗಿ ಅಳೆದು ನಕ್ಕಳು. ಅಳೆದು ಕಣ್ಣು ಇಳಿಸಿದಳು.

"ಸಾರ್, ಈ ಕಬ್ಬಿಣದ ಗುಂಡು ನನ್ನ ಮಾತೇ ಕೇಳಲ್ಲ. ಎಸೆದ್ರೆ ಕಾಲ ಬುಡಕ್ಕೇ ಬೀಳುತ್ತೆ."

"ಎರಡು ಬೈದು ಎಸೀರಿ."

"ಬೈಗುಳ ಎಲ್ಲಾ ಒಬ್ಬರಿಗೆ ಅಂತ ಎತ್ತಿಟ್ಟಿದ್ದೀನಿ."

"ಯಾರಪ್ಪ ಆ ಪುಣ್ಯವಂತ?"

"ಅವನಿಗಿನ್ನೂ ಗೊತ್ತಿಲ್ಲ ಸಾರ್."

ಅವನು ಗುಂಡನ್ನು ಅವಳ ಕತ್ತಿನ ಬಳಿಗೆ ತಂದು ಬೆರಳುಗಳ ಮೇಲೆ ಕೂರಿಸಿದ. ಬೆರಳಿಗೆ ಬೆರಳು ತಾಗಿತು. ತಾಗಿದ್ದಕ್ಕೆ ಅವನೇ ಮೊದಲು ಹಿಂದೆ ಸರಿದ. ಕಿವಿಯ ತುದಿ ಕೆಂಪಾಗಿತ್ತು. ಗುಂಡು ಅಂದು ಗೆರೆ ದಾಟಿ ಬಿತ್ತು.

ಇನ್ನೊಂದು ಬೆಳಗ್ಗೆ ಕೇಳಿದ: "ಓಡುವಾಗ ತುಟಿ ಅಲುಗಾಡುತ್ತಲ್ಲ, ಏನು ಜಪ?"

"ಪದ್ಯ. ಅಪ್ಪ ಕಲಿಸಿದ್ದು. ಸಾಲು ಮುಗಿಯೋ ಕಡೆ ಉಸಿರು ಬಿಡ್ಬೇಕು, ನಡುವೆ ಬಿಟ್ರೆ ಅರ್ಥ ಕೆಡುತ್ತೆ."

"ಕೊನೇ ಸುತ್ತಲ್ಲಿ ನೀವು ನಡುವೆಯೇ ಬಿಡ್ತಿದ್ದೀರಿ. ಅದಕ್ಕೇ ಸುಸ್ತು."

ಮರುದಿನ ಕೊನೆಯ ಸುತ್ತಿಗೆ ಅವನು ಪಕ್ಕದಲ್ಲಿ ಓಡಿದ. ಅವಳ ಸಾಲು ಮುಗಿದಲ್ಲಿ ಅವನೂ ಉಸಿರು ಬಿಟ್ಟ; ಅವಳು ಎಳೆದುಕೊಂಡಲ್ಲಿ ತಾನೂ ಎಳೆದುಕೊಂಡ. ಅರ್ಧ ಸುತ್ತಿನ ಹೊತ್ತಿಗೆ ಯಾರ ಉಸಿರು ಯಾರದೆಂದು ತಿಳಿಯದಾಯಿತು. ಇದು ಅವಳ ಅಳತೆಯಲ್ಲಿ ಇರಲಿಲ್ಲ.

"ಏನೇ, ಓಡೋಕೆ ಹೋಗೋಳಿಗೆ ಕನ್ನಡಿ ಮುಂದೆ ಇಷ್ಟು ಹೊತ್ತು?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಕೂದಲು ಬಿಗಿಯಾಗಿ ಕಟ್ಬೇಕಮ್ಮ. ರೂಲ್ಸು."

"ಹೌದೇ? ಕಾಡಿಗೆಗೂ ರೂಲ್ಸ್ ಇದೆಯಾ?"

ಅವಳು ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಹರಡಿತು. ತನ್ನ ಮೇಲೆಯೇ ಸಿಟ್ಟು ಬಂತು. ಶತ್ರುವಿನ ಮನೆಗೆ ಬೆಂಕಿ ಇಡಲು ಹೋದವಳು ಅವನ ಒಲೆಯ ಮುಂದೆ ಚಳಿ ಕಾಯಿಸುತ್ತ ಕೂತ ಹಾಗಾಯಿತಲ್ಲ!

ಓಟ ಗೆದ್ದಳು, ಗುಂಡು ಗೆದ್ದಳು, ಲಿಖಿತ ಪರೀಕ್ಷೆಯನ್ನೂ ಗೆದ್ದಳು. ಉಳಿದದ್ದು ನಡತೆ ವಿಚಾರಣೆ. ಆಯ್ಕೆಯಾಗುವವರ ಮನೆತನ ಹೇಗೆ ಎಂದು ಅವರ ಪ್ರದೇಶದ ಸ್ಟೇಷನ್ನೇ ವರದಿ ಕೊಡಬೇಕು. ಅವಳ ಪಾಲಿಗೆ ವರದಿ ಕೊಟ್ಟವನು ಅದೇ ಇನ್‌ಸ್ಪೆಕ್ಟರು. ‘ತಂದೆ ಕಳ್ಳತನದಲ್ಲಿ ಶಂಕಿತ, ಮಗಳು ಈ ಕೆಲಸಕ್ಕೆ ತಕ್ಕವಳಲ್ಲ.’ ಸರ ಸಿಕ್ಕ ಮೇಲೂ ಆ ಕೇಸನ್ನು ಅವನು ಮುಚ್ಚಿರಲೇ ಇಲ್ಲ. ತಂದೆಯೊಂದಿಗೆ ಹಿರಿಯ ಅಧಿಕಾರಿಯ ಮುಂದೆ ಬಂದು ಉತ್ತರಿಸಬೇಕೆಂದು ಕರೆ ಬಂತು.

ವಿಚಾರಣೆಯ ದಿನ ಬೆಳಗ್ಗೆ ಅವಳು ನೇರ ಮೈದಾನಕ್ಕೆ ಹೋದಳು. ಇನ್ನು ಕಾಯುವುದು ಬೇಡವೆನಿಸಿತ್ತು. ಇಬ್ಬರಲ್ಲಿ ಒಬ್ಬನಾದರೂ ಇವತ್ತು ಸುಡಲಿ.

"ಸಾರ್, ಒಂದು ಪಟ್ಟು ಹೇಳಿಕೊಡಿ."

"ಯಾವುದು?"

"ಒಬ್ಬ ಹೊಡೀತಾ ಇರ್ಬೇಕು. ಹೊಡೆಸ್ಕೊಳ್ಳೋನು ಕೈ ಅಡ್ಡ ತರೋಕೆ ಆಗಬಾರದು. ಹಾಗೆ ಹಿಡಿಯೋದು ಹೇಗೆ?"

ಅವನ ತುಟಿಯಿಂದ ಸೀಟಿ ಜಾರಿತು. "ಅದನ್ನ ಯಾರೂ ಕಲಿಸಲ್ಲ."

"ನಿಮಗೆ ಬರುತ್ತಲ್ಲ."

ಅವಳು ಅವನ ಹಿಂದೆ ಹೋಗಿ ಎರಡೂ ತೋಳು ಹಿಂದಕ್ಕೆಳೆದಳು. ಅವಳ ಬಿಸಿಯುಸಿರು ಅವನ ಕುತ್ತಿಗೆಗೆ ಬಡಿಯಿತು. ಅವಳಿಗಿಂತ ಗೇಣುದ್ದ ಎತ್ತರದವನು, ಕೊಡವಿದ್ದರೆ ಬಿಡಿಸಿಕೊಳ್ಳಬಹುದಿತ್ತು. ಕೊಡವಲಿಲ್ಲ.

"ಹೀಗೇನಾ ಸಾರ್?"

"ಮೊಣಕೈ... ಇನ್ನೂ ಸ್ವಲ್ಪ ಮೇಲಕ್ಕೆ." ಪಾಠ ಹೇಳುವ ದನಿಯೇ; ನಡುವೆ ಒಡೆದಿತ್ತು.

"ಇಲ್ಲಿ ಗೋಡೆ ಇಲ್ಲ. ಈಗ ಎಲ್ಲಿ ನೋಡ್ತೀರಿ?"

ಅವನು ಹೇಳಿದ: "ಮೆಷಿನ್ ರಿಪೇರಿಯವರ ಮಗಳು."

"ಗುರುತು ಸಿಕ್ತಾ?"

"ಆವತ್ತು ಅವರು ನನಗೊಂದು ಮಾತು ಹೇಳಿದ್ರು. ‘ತಮ್ಮಾ, ಸ್ವಲ್ಪ ಸಡಿಲ ಬಿಡು, ಭುಜ ನೋಯ್ತಿದೆ’ ಅಂತ. ಬಯ್ಯಲಿಲ್ಲ, ಬೇಡ್ಕೊಳ್ಳಲೂ ಇಲ್ಲ. ಪಕ್ಕದಲ್ಲಿ ಕೂತವನಿಗೆ ಸ್ವಲ್ಪ ಸರಿ ಅಂತಾರಲ್ಲ, ಹಾಗೆ. ನಾನು ಬಿಡಲಿಲ್ಲ. ಬಿಟ್ರೆ ಕೆಲಸ ಹೋಗುತ್ತೆ ಅಂತ ಭಯ."

ಅವಳು ಕೈ ಬಿಟ್ಟಳು. ವರ್ಷಗಟ್ಟಲೆ ಮಸೆದಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆಯೇ.

"ನೀವು ನನ್ನ ಪ್ರೀತಿಸೋ ಹಾಗೆ ಮಾಡಿ, ಆಮೇಲೆ ಬಿಟ್ಟು ಹೋಗ್ಬೇಕು ಅಂತಲೇ ಇಲ್ಲಿಗೆ ಬಂದಿದ್ದೆ."

ಅವನು ತಿರುಗಿ ನೋಡಿದ. "ಮೊದಲರ್ಧ ಆಗಿದೆ. ಇನ್ನರ್ಧ ಮುಗಿಸಿ ಹೋಗಿ. ನಿಮ್ಮ ಹಕ್ಕು ಅದು."

ಅವಳು ಹೋದಳು. ಗೆದ್ದು ಹೋಗುವವಳ ಹಾಗೆ ತಲೆ ಎತ್ತಿ ಹೋದಳು. ಗೇಟು ದಾಟಿದ ಮೇಲೆ ಅತ್ತಳು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಮೇಜಿನ ಆ ಕಡೆ ನರೆಗೂದಲಿನ ಹಿರಿಯ ಮಹಿಳಾ ಅಧಿಕಾರಿ. ಎದುರಿಗೆ ಅಪ್ಪ, ಪಕ್ಕದಲ್ಲಿ ಅವಳು. ಇನ್‌ಸ್ಪೆಕ್ಟರು ತನ್ನ ಮನೆಯ ಜಗಲಿಯಲ್ಲಿ ಕೂತ ಹಾಗೆ ಕಾಲು ಚಾಚಿ ಕೂತಿದ್ದ.

"ಬೆಂಕಿ ಇಲ್ಲದೆ ಹೊಗೆ ಬರುತ್ತಾ ಮೇಡಂ? ಕಳ್ಳನ ಮಗಳ ಕೈಗೆ ಲಾಠಿ ಕೊಟ್ರೆ ಜನ ನಗ್ತಾರೆ."

"ಸರ ಮರುದಿನವೇ ಸಿಕ್ತು," ಎಂದಳು ಅವಳು.

"ಹಾಗಂತ ಇವಳು ಹೇಳ್ತಾಳೆ."

ಅಪ್ಪ ಎಡಗಿವಿಯನ್ನು ಮುಂದೆ ಮಾಡಿ, "ಏನಂದ್ರು ಮಗಳೇ?" ಎಂದು ಕೇಳಿದ. ಅವಳು ಹೇಳಲಿಲ್ಲ. ಹೇಳುವಂಥ ಮಾತೇ ಅದು?

"ಆ ದಿನ ಡ್ಯೂಟಿಯಲ್ಲಿದ್ದವರು ಯಾರಾದ್ರೂ ಇದ್ದಾರಾ?" ಎಂದು ಅಧಿಕಾರಿ ಕೇಳಿದರು.

"ಎಲ್ಲಾ ವರ್ಗವಾಗಿ ಹೋದ್ರು ಮೇಡಂ."

"ನಾನಿದ್ದೀನಿ ಮೇಡಂ."

ಬಾಗಿಲಲ್ಲಿ ಸೀಟಿ ಸಾರ್ ನಿಂತಿದ್ದ. ವಿಚಾರಣೆಯ ಸುದ್ದಿ ಕೇಳಿ ಓಡಿಕೊಂಡೇ ಬಂದಿರಬೇಕು, ಅಂಗಿ ಮೈಗೆ ಅಂಟಿತ್ತು. "ಸರ ಸಿಕ್ಕಿದೆ ಅಂತ ಆ ಮನೆಯವರೇ ಫೋನ್ ಮಾಡಿದ್ರು. ಫೋನ್ ಎತ್ತಿದ್ದು ನಾನು. ಸಾಹೇಬರಿಗೆ ಹೇಳಿದೆ, ಬಾಯಿ ಮುಚ್ಕೊಂಡಿರು ಅಂದ್ರು, ಮುಚ್ಕೊಂಡೆ. ಇವರ ಕಿವಿಗೆ ಸಾಹೇಬರು ಹೊಡೆಯೋವಾಗ ತೋಳು ಹಿಡಿದಿದ್ದೂ ನಾನೇ."

"ಇದು ನಿಮ್ಮ ಕೆಲಸಕ್ಕೂ ಮುಳುವಾಗುತ್ತೆ. ಗೊತ್ತಾ?"

"ಗೊತ್ತು ಮೇಡಂ."

ಇನ್‌ಸ್ಪೆಕ್ಟರು ಎದ್ದೇ ನಿಂತ. "ಈ ಹುಡುಗಿ ಮೋಹದಲ್ಲಿ ಹೇಳ್ತಿದ್ದಾನೆ ಮೇಡಂ! ಇಡೀ ಮೈದಾನಕ್ಕೆ ಗೊತ್ತು!"

"ಮೋಹ ಇದೆ ಸಾರ್," ಎಂದ ಅವನು, ತಡವರಿಸದೆ. "ಆವತ್ತು ಇದ್ದದ್ದು ಭಯ. ಭಯದಲ್ಲಿ ಸುಳ್ಳಿಗೆ ನಿಂತೆ. ಮೋಹದಲ್ಲಾದ್ರೂ ನಿಜ ಹೇಳ್ತಿದ್ದೀನಿ."

ಅಧಿಕಾರಿ ಆ ಮನೆಗೇ ಫೋನ್ ಮಾಡಿಸಿದರು. ಆ ಕಡೆಯ ಹೆಂಗಸು, "ಅಯ್ಯೋ, ಆವತ್ತೇ ಹೇಳಿದ್ದೆವಲ್ಲ!" ಎಂದಳು. ಫ್ಯಾನಿನ ಕೆಳಗೇ ಇದ್ದರೂ ಇನ್‌ಸ್ಪೆಕ್ಟರ ಹಣೆಯಲ್ಲಿ ಬೆವರು ಒಡೆಯಿತು. ಅವಳು ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಉಪವಾಸವಿದ್ದವರು ಉಣ್ಣುವ ಹಾಗೆ ನೋಡಿದಳು. ಆ ವಾರವೇ ಅವನನ್ನು ಅಮಾನತು ಮಾಡಿದರು, ಕೇಸನ್ನೂ ಹಾಕಿದರು. ಸೀಟಿ ಸಾರ್‌ಗೂ ಅಮಾನತು. ಅವಳ ದಾರಿಗಿದ್ದ ಮುಳ್ಳು ಹೋಯಿತು.

ಆ ದಿನ ವಿಚಾರಣೆ ಮುಗಿದು ಎಲ್ಲರೂ ಮೆಟ್ಟಿಲಿಳಿದಾಗಲೇ ಅವಳು ಅವನನ್ನು ಅಡ್ಡಗಟ್ಟಿದಳು.

"ನೀವು ಮೋಸ ಮಾಡಿದ್ರಿ."

"ನಾನಾ?"

"ನಿಮ್ಮನ್ನ ಹಾಳು ಮಾಡ್ಬೇಕು ಅಂತ ನಾನು ಇಷ್ಟು ಓಡಿದ್ದು. ನೀವೇ ಬಂದು ಹಾಳಾಗಿಬಿಟ್ರೆ? ನನ್ನ ಸೇಡು ಏನಾಗ್ಬೇಕು?"

ಅವನಿಗೆ ನಗು ಬಂತು, ಕಣ್ಣು ತುಂಬಿತು. ಯಾವುದು ಮೊದಲೋ ತಿಳಿಯದು. "ಬಾಕಿ ಇದ್ರೆ ತೀರಿಸ್ಕೊಳ್ಳಿ."

"ತೀರಿಸ್ಕೊಳ್ತೀನಿ. ಕಣ್ಣಿಗೆ ಕಣ್ಣು ಅಂತಾರಲ್ಲ? ಕಿವಿಗೆ ಕಿವಿ. ನಾನು ಟ್ರೈನಿಂಗಿಗೆ ಹೋಗ್ತೀನಿ. ಸದ್ದು ಎಲ್ಲಿಂದ ಬರ್ತಿದೆ ಅಂತ ಅಪ್ಪನಿಗೆ ಈಗ ಗೊತ್ತಾಗಲ್ಲ. ಅಂಗಡೀಲಿ ಅವರ ಬಲಗಡೆ ಕೂತ್ಕೊಳ್ಳಿ. ಅವರು ಎದ್ದು ಹೋಗು ಅನ್ನೋವರೆಗೆ."

"ಮೊದಲನೇ ದಿನವೇ ಅಂದುಬಿಟ್ರೆ?"

"ಎರಡನೇ ದಿನ ಮತ್ತೆ ಹೋಗಿ."

ದೂರದಲ್ಲಿ ನಿಂತಿದ್ದ ಅಪ್ಪ ಹತ್ತಿರ ಬಂದ. ಅವನ ಮುಖವನ್ನು ದಿಟ್ಟಿಸಿದ. "ನನ್ನ ಕೋಪ ಆರಿಲ್ಲ ತಮ್ಮಾ," ಎಂದ. "ಸುಳ್ಳು ಯಾಕೆ ಹೇಳ್ಲಿ? ಮಳೆಗಾಲದಲ್ಲಿ ಭುಜ ನೋಯುತ್ತೆ, ಆಗೆಲ್ಲ ನಿನ್ನನ್ನ ಬೈತೀನಿ."

"ಬೈಯಿರಿ. ಎದುರಿಗೇ ಕೂತಿರ್ತೀನಿ."

ಅವಳು ಟ್ರೈನಿಂಗಿಗೆ ಹೊರಡುವ ದಿನ ಪೆಟ್ಟಿಗೆ ಹಿಡಿದು ಅಂಗಡಿಗೆ ಬಂದಳು. ಅವನು ಹಳೆಯ ಮೆಷಿನ್ನಿಗೆ ಕಿವಿ ಒತ್ತಿ ನೆಲದಲ್ಲಿ ಕೂತಿದ್ದ. ಕೆನ್ನೆಗೆ ಎಣ್ಣೆ ಮೆತ್ತಿತ್ತು.

"ಕೆಳಗಾ, ಮೇಲಾ? ಬಾಯಿ ಬಿಟ್ಟು ಹೇಳಯ್ಯಾ!" ಅಪ್ಪ ಗದರುತ್ತಿದ್ದ. "ಇಷ್ಟು ದಿನ ಆಯ್ತು, ಸೂಜಿ ಸದ್ದು ಯಾವುದು ಚಕ್ರದ ಸದ್ದು ಯಾವುದು ಗೊತ್ತಾಗಲ್ಲ. ಇಂಥವನನ್ನ ಪೊಲೀಸಿಗೆ ತಗೊಂಡವರು ಯಾರು?" ಮಗಳನ್ನು ಕಂಡು ಎದ್ದ. "ಬಸ್ಸಿಗೆ ಹೊತ್ತಿದೆಯಲ್ಲ? ಎಣ್ಣೆ ಡಬ್ಬ ತರ್ತೀನಿ," ಎನ್ನುತ್ತ, ಎಣ್ಣೆ ಡಬ್ಬ ಎದುರಿಗೇ ಇದ್ದರೂ, ಒಳಗೆ ಹೋದ.

ಅವಳು ಬಗ್ಗಿ ಸೆರಗಿನ ತುದಿಯಿಂದ ಅವನ ಕೆನ್ನೆ ಒರೆಸಿದಳು. ಒರಟಾಗಿಯೇ ಒರೆಸಿದಳು.

"ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಪ್ರೀತಿಸ್ತೀನಿ. ಅದೂ ಇದೆ. ಎರಡೂ ಒಂದೇ ಎದೆಯಲ್ಲಿ ಜಗಳ ಆಡ್ಕೊಂಡಿವೆ."

"ಯಾವುದು ಗೆಲ್ಲುತ್ತೆ?"

"ಗೆಲ್ಲೋಕೆ ಯಾವುದನ್ನೂ ಬಿಡಲ್ಲ. ಎರಡರ ಜೊತೆಗೂ ಬಾಳೋಕೆ ಆಗುತ್ತಾ, ಹೇಳಿ. ವಾಪಸ್ ಬಂದು ಮದುವೆ ಆಗ್ತೀನಿ. ಆಗಲ್ಲ ಅಂದ್ರೆ ಈಗಲೇ ಎದ್ದು ಹೋಗಿ, ಬಾಗಿಲು ತೆರೆದಿದೆ."

ಅವನು ಬಾಗಿಲ ಕಡೆ ನೋಡಲಿಲ್ಲ. ಅವಳ ಕಣ್ಣಿನಿಂದ ಕಣ್ಣು ತೆಗೆಯದೆ, ಕೂತಲ್ಲೇ ಇನ್ನಷ್ಟು ಭದ್ರವಾಗಿ ಕೂತ.