ಎರಡು ಸಲ ಬೆಂದ ರೊಟ್ಟಿ

ಬಹಳ ಹಿಂದೆ, ಮನುಷ್ಯರೂ ಮೃಗಗಳೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಹೊನ್ನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ದೇವೀರಿ ಎಂಬ ಹುಡುಗಿ ಅಜ್ಜಿಯ ಜೊತೆ ರೊಟ್ಟಿ ಮಾಡಿ ಮಾರುತ್ತಿದ್ದಳು. ಅವಳ ಅಣ್ಣ ಚೆಲುವ ರಾಜನ ಪಡೆಯಲ್ಲಿದ್ದ. ಏಳು ಬೆಟ್ಟದಾಚೆಯ ಮಾಂತ್ರಿಕನೊಬ್ಬ ಆ ಪಡೆಯವರ ಹೆಸರುಗಳನ್ನು ಮರೆಸಿ, ಅವರನ್ನೆಲ್ಲ ತೋಳಗಳನ್ನಾಗಿ ಮಾಡಿ ತನ್ನ ಕೋಟೆಗೆ ಕಾವಲಿಟ್ಟ. ಅವರು ಮರೆತ ಹೆಸರುಗಳೇ ಅವನ ಬಲ.

ದೇವೀರಿ ಆ ಕೋಟೆಗೆ ಹೋಗಿ, ಅಣ್ಣನನ್ನು ಬಿಟ್ಟುಕೊಡು ಎಂದು ಮಾಂತ್ರಿಕನನ್ನು ಕೇಳಿದಳು.

ಮಾಂತ್ರಿಕ ನಕ್ಕು, ಬಾಗಿಲಲ್ಲಿದ್ದ ತೋಳವೊಂದನ್ನು ತೋರಿಸಿದ. “ಅವನ ಹೆಸರು ಅವನಿಗೇ ನೆನಪಾದರೆ ಕರೆದುಕೊಂಡು ಹೋಗು. ಮೂರು ಸಲ ಬರಬಹುದು. ಮೂರನೆಯ ಸಲವೂ ಸೋತರೆ ನೀನೂ ಇಲ್ಲೇ ತೋಳವಾಗಿ ಬಿದ್ದಿರಬೇಕು.”

ಚೆಲುವನಿಗೆ ಬಾದಾಮಿ, ಬೆಲ್ಲ, ಏಲಕ್ಕಿ, ಒಣಶುಂಠಿ ಹಾಕಿದ ರೊಟ್ಟಿಯೆಂದರೆ ಪ್ರಾಣ. ಆ ರುಚಿಗೆ ಹೆಸರು ನೆನಪಾದೀತೆಂದು ದೇವೀರಿ ತುಪ್ಪ ಸುರಿದು ಮೆತ್ತಗೆ ಮಾಡಿಕೊಂಡು ಹೋದಳು. ತೋಳ ಗುಳುಂ ಎಂದು ನುಂಗಿತು. ಅಷ್ಟೇ.

ಗಟ್ಟಿಯಾಗಿದ್ದರೆ ನುಂಗಲಾರದೆಂದು ಎರಡನೆಯ ಸಲ ಉರಿ ಹೆಚ್ಚಿಸಿದಳು. ಹೊರಗೆ ಕರಿ, ಒಳಗೆ ಹಸಿ. ತೋಳ ಮೂಸಿ ಮುಖ ತಿರುಗಿಸಿತು.

ಮನೆಗೆ ಬಂದವಳು ಎರಡು ದಿನ ಒಲೆ ಹಚ್ಚಲಿಲ್ಲ. ಹೆದರಿಕೆಯಾಗಿತ್ತು. ಆದರೂ ಯೋಚಿಸಿದಳು. ಅಣ್ಣನಿಗೆ ನಾಲಿಗೆಯಿದೆ, ರುಚಿಯೂ ಹೋಗಿರಲಿಕ್ಕಿಲ್ಲ. ತೋಳಕ್ಕೆ ಇಲ್ಲದ್ದು ಪುರುಸೊತ್ತು. ತಾನೂ ಅವಸರಪಟ್ಟದ್ದು ಆಗ ಹೊಳೆಯಿತು.

ಮೂರನೆಯ ಸಲ ಹಿಟ್ಟನ್ನು ಮೊಳದಷ್ಟು ಉದ್ದಕ್ಕೆ ಹೊಸೆದು ಸಣ್ಣ ಕೆಂಡದಲ್ಲಿ ಬೇಯಿಸಿದಳು. ಇಳಿಸಿ, ಆರಲು ಬಿಟ್ಟು, ಅಡ್ಡಡ್ಡ ಹೋಳು ಮಾಡಿ ಮತ್ತೆ ಒಲೆಗಿಟ್ಟಳು.

“ಬೆಂದಿದ್ದನ್ನ ಯಾರಾದ್ರೂ ಮತ್ತೆ ಬೇಯಿಸ್ತಾರೇನೇ?” ಎಂದಳು ಅಜ್ಜಿ.

“ಒಳಗಿನ ನೀರು ಹೋಗ್ಬೇಕಜ್ಜಿ. ಗಟ್ಟಿಯಾಗ್ಬೇಕು, ಸೀದು ಹೋಗ್ಬಾರ್ದು.”

“ಹಂಗಾದ್ರೆ ಕಾಯಿ ಮಗಾ. ತಾಳಿದವನು ಬಾಳಿಯಾನು.”

ಕೋಟೆಯ ಬಾಗಿಲಲ್ಲಿ ತೋಳ ಹೋಳೊಂದನ್ನು ನುಂಗಲು ನೋಡಿತು, ಆಗಲಿಲ್ಲ. ಕಟುಂ ಎಂದು ಕಡಿಯಿತು. ಅಗಿಯಲೇಬೇಕಾಯಿತು. ಮೊದಲು ಬಾದಾಮಿ ಸಿಕ್ಕಿತು, ಆಮೇಲೆ ಬೆಲ್ಲ, ಬಹಳ ಹೊತ್ತಿನ ಮೇಲೆ ಗಂಟಲಲ್ಲಿ ಶುಂಠಿಯ ಖಾರ. ಅದರ ಕಿವಿ ಜೋತುಬಿತ್ತು.

“ನುಂಗು, ನುಂಗು” ಎಂದು ಮಾಂತ್ರಿಕ ಗದರಿದ. ತೋಳ ಅಗಿಯುತ್ತಲೇ ಇತ್ತು. ಅದರ ಕಣ್ಣು ತುಂಬಿತು.

“ಶುಂಠಿ ಜಾಸ್ತಿ ಆಯ್ತು ಕಣೇ, ದೇವೀರಿ,” ಎಂದಿತು.

ಅವಳು ಅದರ ಮುಂದೆ ಕೂತಳು. “ನನ್ನ ಹೆಸರು ಹೇಳಿದೆ. ನಿನ್ನ ಹೆಸರು ಹೇಳು.”

ಅದು ಕೊನೆಯ ಚೂರನ್ನೂ ಅಗಿದು ಮುಗಿಸಿತು. “ಚೆಲುವ,” ಎಂದಿತು. ತುಪ್ಪಳ ಉದುರಿ, ಅಣ್ಣ ನಿಂತಿದ್ದ. ದೇವೀರಿ ಅವನನ್ನು ತಬ್ಬಿಕೊಂಡು ಅತ್ತಳು.

ಉಳಿದ ಹೋಳುಗಳನ್ನು ಇಬ್ಬರೂ ಸೇರಿ ಮಿಕ್ಕ ತೋಳಗಳಿಗೆ ಹಂಚಿದರು. ಅವೂ ನಿಧಾನವಾಗಿ ಅಗಿಯುತ್ತ ತಮ್ಮ ತಮ್ಮ ಮನೆಯ ರುಚಿಯನ್ನು ನೆನೆದವು. ಒಬ್ಬೊಬ್ಬನು ಹೆಸರು ಹೇಳಿದಂತೆಲ್ಲ ಮಾಂತ್ರಿಕ ಗೇಣು ಗೇಣು ಕುಗ್ಗಿದ. ಕೊನೆಯ ಹೆಸರಿಗೆ ಬರೀ ಹೊಗೆಯಾಗಿ ಹೋದ.

ಪಡೆಯೆಲ್ಲ ಊರಿಗೆ ಮರಳಿತು. ಎಲ್ಲರೂ ಸುಖವಾಗಿ ಬಾಳಿದರು. ದೂರದಿಂದ, ಯುದ್ಧದಿಂದ ಯಾರಾದರೂ ಮನೆಗೆ ಬಂದರೆ ಹೊನ್ನಗಿರಿಯವರು ಇಂದಿಗೂ ಏನನ್ನೂ ಕೇಳುವುದಿಲ್ಲ. ಕೈಗೊಂದು ಹೋಳು ಕೊಟ್ಟು, ಅವರು ಅಗಿದು ಮುಗಿಸುವ ತನಕ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ.